ಇಲ್ಲದ ತೆರಿಗೆಗೆ ಇರುವ ಕಡಿತ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಈ ಪಶ್ಚಿಮ ತಾಲ್ಲೂಕುಗಳಲ್ಲಿ ನಿವೃತ್ತರಾಗಿ ನೆಲೆಸಿರುವ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು, ಕಂದಾಯ ಇಲಾಖೆಯ ಗುಮಾಸ್ತರು, ಬಸ್ ಚಾಲಕರು, ಲೈನ್‌ಮನ್‌ಗಳು, ತೀರಿಹೋದ ನೌಕರರ ಪತ್ನಿಯರು, ಇವರಲ್ಲಿ ಸಣ್ಣ ಪಿಂಚಣಿಯವರು ಯಾರೂ ಇವತ್ತಿನ ಕಾನೂನಿನ ಪ್ರಕಾರ ಸರ್ಕಾರಕ್ಕೆ ಒಂದು ರೂಪಾಯಿ ಆದಾಯ ತೆರಿಗೆಯನ್ನೂ ಕೊಡಬೇಕಾಗಿಲ್ಲ. ಹಾಗಿದ್ದೂ ಅವರ ಠೇವಣಿಯ ಬಡ್ಡಿಯಲ್ಲಿ ನೂರಕ್ಕೆ ಹತ್ತು ರೂಪಾಯಿ ಕೈಗೆ ಬರುವ ಮೊದಲೇ ಕಟ್ ಆಗಬಹುದು. ಪಾಸ್‌ಬುಕ್ಕಿನಲ್ಲಿ ‘ಟಿಡಿಎಸ್’ (ಮೂಲದಲ್ಲೇ ತೆರಿಗೆ ಕಡಿತ) ಎಂದು ಮೂಡುವ ಆ ಸಾಲನ್ನು ನೋಡಿದವರು ಅದನ್ನು ಸರ್ಕಾರ ವಿಧಿಸಿದ ತೆರಿಗೆಯೆಂದೇ ತಿಳಿದು ಸುಮ್ಮನಾಗುತ್ತಾರೆ. ಅಸಲಿಗೆ ಅದು ಯಾರೂ ವಿಧಿಸದ ತೆರಿಗೆ. ಏಪ್ರಿಲ್ ತಿಂಗಳಲ್ಲಿ ಒಂದು ಹಾಳೆ ಬ್ಯಾಂಕಿಗೆ ಹೋಗದ ಕಾರಣಕ್ಕೆ ಮುದುಕರ ದುಡ್ಡು ವರ್ಷಗಟ್ಟಲೆ ಖಜಾನೆಯಲ್ಲಿ ಕೂರುತ್ತದೆ, ಎಷ್ಟೋ ಸಲ ಅಲ್ಲೇ ಉಳಿದುಬಿಡುತ್ತದೆ. ಆ ಹಾಳೆಯನ್ನು ತಲುಪಿಸುವ ಹೊಣೆ ಈಗ ಎಪ್ಪತ್ತು ದಾಟಿದವರ ತಲೆಯ ಮೇಲಿದೆ. ಅದು ಇರಬೇಕಾದದ್ದು ಬ್ಯಾಂಕಿನ ಮತ್ತು ಅಂಚೆ ಕಚೇರಿಯ ಮೇಲೆ ಎಂಬುದು ಈ ಬರಹದ ವಾದ.

ಮೊದಲು ತೆರಿಗೆ ಯಾಕಿಲ್ಲ ಎಂಬುದನ್ನು ನೋಡೋಣ. 2025–26ನೇ ಆರ್ಥಿಕ ವರ್ಷದ ಲೆಕ್ಕದಲ್ಲಿ, ತಾನಾಗಿ ಅನ್ವಯಿಸುವ ಹೊಸ ಪದ್ಧತಿಯಡಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಅದರ ಮೇಲೆ 12 ಲಕ್ಷದವರೆಗಿನ ಆದಾಯಕ್ಕೆ ಲೆಕ್ಕದಲ್ಲಿ ತೆರಿಗೆ ಬಂದರೂ 87ಎ ಸೆಕ್ಷನ್ನಿನ ರಿಯಾಯಿತಿ ಅದನ್ನು ಸೊನ್ನೆ ಮಾಡುತ್ತದೆ. ಪಿಂಚಣಿದಾರರಿಗೆ ಸಂಬಳದಾರರಂತೆ 75,000 ರೂಪಾಯಿಯ ನಿಗದಿತ ಕಡಿತವೂ ಉಂಟು. ರಾಜ್ಯದ ಏಳನೇ ವೇತನ ಆಯೋಗದ ಪರಿಷ್ಕರಣೆಯ ನಂತರ ಸರ್ಕಾರಿ ನಿವೃತ್ತರ ಕನಿಷ್ಠ ಪಿಂಚಣಿ ತಿಂಗಳಿಗೆ 13,500 ರೂಪಾಯಿ, ಅಂದರೆ ವರ್ಷಕ್ಕೆ 1,62,000. ಅದರ ಎರಡು ಪಟ್ಟು, ಮೂರು ಪಟ್ಟು ಪಿಂಚಣಿ ಇದ್ದವರಿಗೂ ತೆರಿಗೆ ತಟ್ಟುವುದಿಲ್ಲ. ಒಂದು ಲೆಕ್ಕ ಹಾಕಿ ನೋಡಬಹುದು. ತಿಂಗಳಿಗೆ 32,000 ರೂಪಾಯಿ ಪಿಂಚಣಿ ಬರುವ ನಿವೃತ್ತ ಮೇಷ್ಟ್ರು, ಗ್ರಾಚ್ಯುಟಿ, ಕಮ್ಯುಟೇಷನ್, ಕೆಜಿಐಡಿ ವಿಮೆ ಎಲ್ಲ ಸೇರಿಸಿ 16 ಲಕ್ಷವನ್ನು ಶೇ 7ರ ಬಡ್ಡಿಗೆ ಒಂದೇ ಬ್ಯಾಂಕಿನಲ್ಲಿ ಇಟ್ಟಿದ್ದಾರೆ ಎನ್ನಿ. ಪಿಂಚಣಿ 3,84,000, ಬಡ್ಡಿ 1,12,000, ಒಟ್ಟು 4,96,000. ನಿಗದಿತ ಕಡಿತ ಕಳೆದರೆ 4,21,000. ತೆರಿಗೆ 1,050 ರೂಪಾಯಿ, ರಿಯಾಯಿತಿಯ ನಂತರ ಸೊನ್ನೆ. ಹಳೆಯ ಪದ್ಧತಿಯಲ್ಲೇ ಉಳಿದುಕೊಂಡರೂ 50,000ದ ನಿಗದಿತ ಕಡಿತ, ಹಿರಿಯರ ಬಡ್ಡಿಗೆ 80ಟಿಟಿಬಿ ಅಡಿಯ ಇನ್ನೊಂದು 50,000 ಕಳೆದು 3,96,000ಕ್ಕೆ ಇಳಿಯುತ್ತದೆ. ಅಲ್ಲಿ 5 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಮತ್ತೆ ಸೊನ್ನೆ. ಯಾವ ಬಾಗಿಲಿನಿಂದ ಹೊಕ್ಕರೂ ತೆರಿಗೆ ಇಲ್ಲ. ಆದರೆ ಬ್ಯಾಂಕು ಹಿಡಿದುಕೊಳ್ಳುವುದು 11,200 ರೂಪಾಯಿ. ಇದು ಅವರ ಒಂದು ತಿಂಗಳ ಪಿಂಚಣಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು.

ಬ್ಯಾಂಕು ಹೀಗೇಕೆ ಮಾಡುತ್ತದೆ? 1961ರ ಆದಾಯ ತೆರಿಗೆ ಕಾಯ್ದೆಯ 194ಎ ಸೆಕ್ಷನ್ನಿನ ಪ್ರಕಾರ 60 ದಾಟಿದವರಿಗೆ ವರ್ಷದ ಬಡ್ಡಿ 1 ಲಕ್ಷ ಮೀರಿದರೆ, ಉಳಿದವರಿಗೆ 50,000 ಮೀರಿದರೆ ಶೇ 10 ಕಡಿತ ಮಾಡಲೇಬೇಕು. 2025ರ ಏಪ್ರಿಲ್ 1ಕ್ಕೆ ಮೊದಲು ಈ ಮಿತಿಗಳು 50,000 ಮತ್ತು 40,000 ಇದ್ದವು. 2018ಕ್ಕೆ ಮೊದಲು ಎಲ್ಲರಿಗೂ ಬರೀ 10,000 ಇತ್ತು. ಮಿತಿ ಏರಿದ್ದು ಒಳ್ಳೆಯದೇ. ಆದರೆ ಈ ಮಿತಿಯ ಸ್ವಭಾವ ಬಹಳ ಮಂದಿಗೆ ಗೊತ್ತಿಲ್ಲ. ಮಿತಿ ದಾಟಿದ ಕೂಡಲೇ ಕಡಿತ ಬೀಳುವುದು ದಾಟಿದ ಭಾಗಕ್ಕಷ್ಟೇ ಅಲ್ಲ, ಇಡೀ ಬಡ್ಡಿಗೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ 8.2ರ ದರದಲ್ಲಿ 12 ಲಕ್ಷ ಇಟ್ಟವರಿಗೆ ವರ್ಷಕ್ಕೆ 98,400 ಬಡ್ಡಿ, ಕಡಿತ ಇಲ್ಲ. ಅವರೇ ಇನ್ನೂ 50,000 ಸೇರಿಸಿದರೆ ಬಡ್ಡಿ 1,02,500 ಆಗುತ್ತದೆ, ಕಡಿತ 10,250. ಹೆಚ್ಚಿನ ಠೇವಣಿಯಿಂದ ಬಂದದ್ದು 4,100, ಹೋದದ್ದು ಅದರ ಎರಡೂವರೆ ಪಟ್ಟು. ಅವಧಿ ಮುಗಿದ ಮೇಲೆ ಒಟ್ಟಿಗೆ ಹಣ ಬರುವ ಠೇವಣಿಗಳಲ್ಲಂತೂ ಬಡ್ಡಿ ಕೈಗೆ ಬಂದೇ ಇರುವುದಿಲ್ಲ. ಆದರೂ ಆ ವರ್ಷ ಜಮೆಯಾಗಬೇಕಾದ ಬಡ್ಡಿಯ ಲೆಕ್ಕ ಹಿಡಿದು ಕಡಿತ ನಡೆಯುತ್ತದೆ. ಉಳಿತಾಯ ಖಾತೆಯ ಬಡ್ಡಿಗೆ ಈ ಕಾಟ ಇಲ್ಲ ಎಂಬುದು ಸಣ್ಣ ಸಮಾಧಾನ.

ಇಲ್ಲಿಗೇ ಒಂದು ಆಕ್ಷೇಪ ಏಳುತ್ತದೆ: ವರ್ಷಕ್ಕೆ ಲಕ್ಷ ರೂಪಾಯಿ ಬಡ್ಡಿ ಎಣಿಸುವವರ ಬಗ್ಗೆ ಇಷ್ಟೊಂದು ಕನಿಕರ ಏಕೆ? ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ಬದುಕುವವರು ಇದೇ ತಾಲ್ಲೂಕುಗಳಲ್ಲಿ ಇಲ್ಲವೇ? ಇದ್ದಾರೆ. ಅವರ ಕಷ್ಟ ಬೇರೆ, ದೊಡ್ಡದು. ಆದರೆ ಬಡ್ಡಿ ಹೆಚ್ಚು ಬರುವವರೆಲ್ಲ ಉಳ್ಳವರು ಎಂಬ ಊಹೆಯನ್ನು ಕೊಂಚ ಕೆದಕಬೇಕು. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದಿಂದ ನಿವೃತ್ತರಾದ ಚಾಲಕರಿಗೆ ಮೇಷ್ಟ್ರುಗಳಿಗೆ ಬರುವಂಥ ಸರ್ಕಾರಿ ಪಿಂಚಣಿ ಇಲ್ಲ. ಅವರದು ಭವಿಷ್ಯ ನಿಧಿಯ 1995ರ ಪಿಂಚಣಿ ಯೋಜನೆ. ಆ ಯೋಜನೆಯ ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ 1,000 ರೂಪಾಯಿಯಲ್ಲೇ ನಿಂತಿದೆ. ಕೆಲವೇ ಸಾವಿರ ಪಡೆಯುವವರು ಬೇಕಾದಷ್ಟು ಜನ. ತಿಂಗಳಿಗೆ 4,000 ಬರುವ ಒಬ್ಬರು ಪಿಎಫ್, ಗ್ರಾಚ್ಯುಟಿ ಸೇರಿಸಿ 25 ಲಕ್ಷವನ್ನು ಶೇ 7ಕ್ಕೆ ಇಟ್ಟರೆ ಬಡ್ಡಿ 1,75,000, ಪಿಂಚಣಿ 48,000. ಮನೆಯ ಎಲ್ಲ ಖರ್ಚಿಗೂ ವರ್ಷಕ್ಕೆ 2,23,000, ತಿಂಗಳಿಗೆ ಹದಿನೆಂಟೂವರೆ ಸಾವಿರ. ತೆರಿಗೆ ಶುರುವಾಗುವ 4 ಲಕ್ಷದ ಅರ್ಧದ ಆಸುಪಾಸಿನಲ್ಲಿರುವ ಆದಾಯ ಇದು. ಕಡಿತ ಮಾತ್ರ 17,500. ಅದೇ ತಿಂಗಳಿಗೆ 60,000 ಪಿಂಚಣಿ ಪಡೆದು, ಬ್ಯಾಂಕಿನಲ್ಲಿ ಹತ್ತು ಲಕ್ಷ ಇಟ್ಟ ನಿವೃತ್ತ ಅಧಿಕಾರಿಯಿಂದ ಏನೂ ಕಡಿತ ಆಗುವುದಿಲ್ಲ. ಆದಾಯ ಅವರದು ಸುಮಾರು ಮೂರೂವರೆ ಪಟ್ಟು. ಪಿಂಚಣಿ ಕಡಿಮೆ ಇದ್ದಷ್ಟೂ ಬದುಕು ಬಡ್ಡಿಯ ಮೇಲೆ ನಿಂತಿರುತ್ತದೆ, ಬಡ್ಡಿಯ ಮೇಲೆ ನಿಂತಷ್ಟೂ ಕಡಿತ ಹೆಚ್ಚು ಬೀಳುತ್ತದೆ. ಬಡವರ ಕಡೆ ವಾಲಬೇಕಾದ ತಕ್ಕಡಿ ಇಲ್ಲಿ ತಿರುಗುಮುರುಗಾಗಿದೆ.

ಅರವತ್ತಕ್ಕಿಂತ ಚಿಕ್ಕ ವಯಸ್ಸಿನ ವಿಧವೆಯರ ಸ್ಥಿತಿ ಇನ್ನೂ ಬಿಗಿ, ಏಕೆಂದರೆ ಅವರಿಗೆ ಮಿತಿ 50,000 ಮಾತ್ರ. ಗಂಡ ಸೇವೆಯಲ್ಲಿರುವಾಗಲೇ ತೀರಿಕೊಂಡು, ಬಂದ ಪರಿಹಾರದಲ್ಲಿ ಎಂಟು ಲಕ್ಷವನ್ನು ಮಕ್ಕಳ ಓದಿಗೆಂದು ಇಟ್ಟವರಿಗೆ ವರ್ಷಕ್ಕೆ 56,000 ಬಡ್ಡಿ, 5,600 ಕಡಿತ. ಕುಟುಂಬ ಪಿಂಚಣಿ ತಿಂಗಳಿಗೆ 15,000 ಇದ್ದರೂ ಅವರ ಒಟ್ಟು ಆದಾಯ ತೆರಿಗೆಯ ಗಡಿಯ ಹತ್ತಿರಕ್ಕೂ ಬರುವುದಿಲ್ಲ. ಕುಟುಂಬ ಪಿಂಚಣಿಯಲ್ಲಿ ಮೂರನೇ ಒಂದು ಪಾಲು ಅಥವಾ 25,000, ಯಾವುದು ಕಡಿಮೆಯೋ ಅದನ್ನು ಹೊಸ ಪದ್ಧತಿಯಲ್ಲಿ ಕಳೆಯಬಹುದು. ಈ ಕಡಿತದ ಹೆಸರನ್ನೇ ಕೇಳದವರು ಹೆಚ್ಚು.

ಪರಿಹಾರ ಕಾನೂನಿನೊಳಗೇ ಇದೆ. 60 ದಾಟಿದವರು 15ಎಚ್, ಉಳಿದವರು 15ಜಿ ನಮೂನೆಯಲ್ಲಿ ‘ಈ ವರ್ಷ ನನಗೆ ತೆರಿಗೆ ಬೀಳುವುದಿಲ್ಲ’ ಎಂದು ಬರೆದುಕೊಟ್ಟರೆ ಬ್ಯಾಂಕು ಕಡಿತ ಮಾಡುವಂತಿಲ್ಲ. ಎರಡರ ನಡುವೆ ವ್ಯತ್ಯಾಸ ಇದೆ. 15ಜಿ ಕೊಡುವವರ ಒಟ್ಟು ಬಡ್ಡಿಯೂ ತೆರಿಗೆರಹಿತ ಮಿತಿಯೊಳಗೇ ಇರಬೇಕು. 15ಎಚ್‌ಗೆ ಆ ಷರತ್ತಿಲ್ಲ, ಕೊನೆಯ ಲೆಕ್ಕದಲ್ಲಿ ತೆರಿಗೆ ಸೊನ್ನೆಯಾದರೆ ಸಾಕು. 2019ರ ಮೇ ತಿಂಗಳಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ನಮೂನೆಯನ್ನು ತಿದ್ದಿ, 87ಎ ರಿಯಾಯಿತಿ ಕಳೆದ ಮೇಲೆ ಸೊನ್ನೆಯಾಗುವವರ ಘೋಷಣೆಯನ್ನೂ ಬ್ಯಾಂಕು ಒಪ್ಪಬಹುದು ಎಂದು ಸ್ಪಷ್ಟಪಡಿಸಿತು. ಮೇಲಿನ ಮೇಷ್ಟ್ರ ಲೆಕ್ಕ ಕೂಡಿಬರುವುದು ಈ ತಿದ್ದುಪಡಿಯಿಂದ. ಆದರೆ ಈ ಹಾಳೆಯ ಆಯಸ್ಸು ಒಂದೇ ವರ್ಷ. ಪ್ರತಿ ಏಪ್ರಿಲ್‌ನಲ್ಲಿ ಹೊಸದು ಬೇಕು, ಪ್ರತಿ ಬ್ಯಾಂಕಿಗೂ ಅಂಚೆ ಕಚೇರಿಗೂ ಬೇರೆ ಬೇರೆ ಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಹಳೆಯದರ ಜಾಗಕ್ಕೆ ಬರುವುದರಿಂದ ಸೆಕ್ಷನ್ನುಗಳ ನಂಬರು ಬದಲಾಗುತ್ತದೆ. ಈ ಬರಹದಲ್ಲಿರುವ ಸೆಕ್ಷನ್, ನಮೂನೆಗಳ ನಂಬರು 1961ರ ಕಾಯ್ದೆಯವು. ಸ್ವಂತ ಘೋಷಣೆ ಕೊಡುವ ದಾರಿ ಅಲ್ಲಿಯೂ ಉಳಿದಿದೆ. ಪಿಂಚಣಿಯ ಮೇಲಿನ ಕಡಿತಕ್ಕೆ ಈ ನಮೂನೆ ನಡೆಯುವುದಿಲ್ಲ, ಬಡ್ಡಿಯಂಥ ಆದಾಯಕ್ಕೆ ಮಾತ್ರ. ಅದು ಗೊಂದಲವಾಗಿ, ಪಿಂಚಣಿ ಬರುವ ಬ್ಯಾಂಕಿಗೆ ಹಾಳೆ ಕೊಟ್ಟು ಠೇವಣಿ ಇರುವ ಬ್ಯಾಂಕನ್ನು ಮರೆಯುವ ಸಂಭವವೂ ಇದೆ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ: ಬ್ಯಾಂಕುಗಳ ಹೆಸರೇ ನಿಲ್ಲದಿರುವುದು. 1976ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು, 2013ರಲ್ಲಿ ಪ್ರಗತಿ ಕೃಷ್ಣವಾಯಿತು, 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕನ್ನು ಸೇರಿಸಿಕೊಂಡು ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು, 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಗೆ ಬಂತು. 2017ರಲ್ಲಿ ಮೈಸೂರು ಬ್ಯಾಂಕ್ ಸ್ಟೇಟ್ ಬ್ಯಾಂಕಿನಲ್ಲಿ, 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. (ಹರಪನಹಳ್ಳಿಯವರಿಗೆ ಇದೇನೂ ಹೊಸದಲ್ಲ. ಅವರ ತಾಲ್ಲೂಕೇ 1997ರಿಂದೀಚೆಗೆ ಬಳ್ಳಾರಿಯಿಂದ ದಾವಣಗೆರೆಗೆ, ಅಲ್ಲಿಂದ ಮತ್ತೆ ಬಳ್ಳಾರಿಗೆ, ಕೊನೆಗೆ 2021ರಲ್ಲಿ ವಿಜಯನಗರಕ್ಕೆ ಓಡಾಡಿದೆ.) ಬಡ್ಡಿಯ ಮಿತಿಯನ್ನು ಈಗ ಶಾಖೆಯಿಂದ ಶಾಖೆಗೆ ಎಣಿಸುವುದಿಲ್ಲ, ಇಡೀ ಬ್ಯಾಂಕಿಗೆ ಸೇರಿಸಿ ಎಣಿಸುತ್ತಾರೆ. ಸಿಂಡಿಕೇಟಿನಲ್ಲಿ ಅರ್ಧ, ಕೆನರಾದಲ್ಲಿ ಅರ್ಧ ಇಟ್ಟು ಎರಡು ಕಡೆಯೂ ಮಿತಿಯೊಳಗಿದ್ದವರ ಠೇವಣಿಗಳು ವಿಲೀನದ ನಂತರ ಒಂದೇ ಲೆಕ್ಕಕ್ಕೆ ಬಂದವು. ಅವರು ಒಂದು ಪೈಸೆ ಹೆಚ್ಚು ಇಡಲಿಲ್ಲ, ಒಂದು ರೂಪಾಯಿ ಹೆಚ್ಚು ಗಳಿಸಲಿಲ್ಲ. ಬ್ಯಾಂಕಿನ ಬೋರ್ಡು ಬದಲಾದದ್ದಕ್ಕೆ ಅವರು ಕಡಿತದ ವ್ಯಾಪ್ತಿಗೆ ಸೇರಿಹೋದರು.

ಕಡಿತವಾದರೇನಂತೆ, ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದಲ್ಲ ಎಂಬುದು ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರ. ಮೇಷ್ಟ್ರ ಆದಾಯ ನಿಗದಿತ ಕಡಿತದ ನಂತರವೂ 4 ಲಕ್ಷ ಮೀರುವುದರಿಂದ ತೆರಿಗೆ ಸೊನ್ನೆಯಾದರೂ ಅವರು ರಿಟರ್ನ್ ಸಲ್ಲಿಸಲೇಬೇಕು ಎಂಬುದೂ ನಿಜ. 15ಎಚ್ ಕೊಟ್ಟರೂ ಆ ಕರ್ತವ್ಯ ತಪ್ಪುವುದಿಲ್ಲ. ಆದರೆ ಸೊನ್ನೆಯ ಲೆಕ್ಕ ಒಪ್ಪಿಸುವುದಕ್ಕೂ ನಮ್ಮದೇ ಹಣಕ್ಕೆ ಕೈ ಚಾಚುವುದಕ್ಕೂ ವ್ಯತ್ಯಾಸವಿದೆ. ಜೂನ್‌ನಲ್ಲಿ ಕಡಿತವಾದ ಹಣವನ್ನು ಮುಂದಿನ ಏಪ್ರಿಲ್ ಆಗದೆ ಕೇಳುವಂತಿಲ್ಲ. ಬ್ಯಾಂಕು ಕೊನೆಯ ತ್ರೈಮಾಸಿಕದ ವಿವರ ಸಲ್ಲಿಸಲು ಮೇ ಕೊನೆಯವರೆಗೆ ಗಡುವಿರುವುದರಿಂದ ಲೆಕ್ಕ ತಾಳೆಯಾಗುವುದೇ ಜೂನ್‌ಗೆ. ಅಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ. ಔಷಧಿ ಅಂಗಡಿಯವನು ಒಂದು ವರ್ಷ ಕಾಯುವುದಿಲ್ಲ. ಇನ್ನು ಆ ಚಾಲಕರಿಗೆ, ಆ ವಿಧವೆಗೆ ಮಿಕ್ಕಂತೆ ರಿಟರ್ನ್ ಸಲ್ಲಿಸುವ ಅಗತ್ಯವೇ ಇಲ್ಲ. ಇಲ್ಲದ ತೆರಿಗೆಯನ್ನು ಹಿಂದಕ್ಕೆ ಪಡೆಯಲಿಕ್ಕೆಂದೇ ಅವರು ಸೈಬರ್ ಅಂಗಡಿಗೋ ಆಡಿಟರ್ ಕಚೇರಿಗೋ ಹೋಗಿ ಫೀಸು ತೆರಬೇಕು, ಒಟಿಪಿ ಹೇಳಬೇಕು, ಪಾಸ್‌ವರ್ಡನ್ನು ಬೇರೆಯವರ ಕೈಗೆ ಕೊಡಬೇಕು. ಕಡಿತ ಐದು ಸಾವಿರ ಇದ್ದವರು ಈ ಓಡಾಟ ಬೇಡವೆಂದು ಬಿಟ್ಟುಬಿಟ್ಟರೆ ಅವರನ್ನು ದೂರುವುದು ಹೇಗೆ? ಹೊಸ ಕಾಯ್ದೆಯ ಕರಡಿನಲ್ಲಿ ಗಡುವು ಮೀರಿ ರಿಟರ್ನ್ ಸಲ್ಲಿಸಿದವರಿಗೆ ಮರುಪಾವತಿಯೇ ಇಲ್ಲ ಎಂಬ ಅರ್ಥ ಬರುವ ಮಾತಿತ್ತು. ಬೈಜಯಂತ್ ಪಾಂಡಾ ಅಧ್ಯಕ್ಷತೆಯ ಆಯ್ಕೆ ಸಮಿತಿ ಅದನ್ನು ತೆಗೆಯುವಂತೆ ಹೇಳಿತು, ಸರ್ಕಾರವೂ ತೆಗೆಯಿತು. ತೆರಿಗೆಯ ಮಿತಿಯೊಳಗಿದ್ದೂ ಕಡಿತಕ್ಕೆ ಒಳಗಾದವರು ಬರೀ ಮರುಪಾವತಿಗಾಗಿ ರಿಟರ್ನ್ ಸಲ್ಲಿಸಬೇಕಾದ ಕಷ್ಟವನ್ನು ಆ ಸಮಿತಿಯೂ ಗುರುತಿಸಿತ್ತು. ದೆಹಲಿಗೆ ಗೊತ್ತಿಲ್ಲದ ಸಮಸ್ಯೆ ಇದಲ್ಲ.

ಮರುಪಾವತಿಯ ಬಾಗಿಲೂ ಮುಚ್ಚಿರುವವರಿದ್ದಾರೆ. ಆಧಾರ್‌ಗೆ ಜೋಡಣೆಯಾಗದ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯ. ನಿಷ್ಕ್ರಿಯ ಪ್ಯಾನ್ ಇದ್ದರೆ ಕಡಿತ ಶೇ 10ರ ಬದಲು ಶೇ 20, ಮರುಪಾವತಿ ಸ್ಥಗಿತ. ಜೋಡಿಸಲು 1,000 ರೂಪಾಯಿ ಶುಲ್ಕ ಕಟ್ಟಿದರೂ ಹೆಸರು, ಜನ್ಮದಿನಾಂಕ ತಾಳೆಯಾಗಬೇಕು. ಕೊಟ್ಟೂರೇಶ್ವರನ ಹೆಸರಿಟ್ಟುಕೊಂಡ ಮನೆತನಗಳೇ ಹೆಚ್ಚಿರುವ ಈ ಸೀಮೆಯಲ್ಲಿ ಒಬ್ಬರೇ ಸೇವಾ ಪುಸ್ತಕದಲ್ಲಿ ಕೊಟ್ರಪ್ಪ, ಆಧಾರ್‌ನಲ್ಲಿ ಕೊಟ್ರೇಶಪ್ಪ, ಪ್ಯಾನ್‌ನಲ್ಲಿ ಊರಿನ ಇನಿಷಿಯಲ್ ಬಿಡಿಸಿ ಬರೆದ ಇನ್ನೇನೋ ಆಗಿರುವುದು ಅಪರೂಪವಲ್ಲ. 80 ದಾಟಿದವರಿಗೆ ಈ ಜೋಡಣೆ ಕಡ್ಡಾಯವಲ್ಲ ಎಂಬ ವಿನಾಯಿತಿ 2017ರಿಂದಲೇ ಇದೆ. ಕೌಂಟರಿನಲ್ಲಿ ಅದನ್ನು ನೆನಪಿಸಬೇಕಾದವರು ಗ್ರಾಹಕರೇ ಎನ್ನುವಂತಾಗಬಾರದು.

ಗಂಭೀರವಾದ ಇನ್ನೊಂದು ಆಕ್ಷೇಪ ತೆರಿಗೆ ಇಲಾಖೆಯ ಕಡೆಯದು. ಮೂಲದಲ್ಲೇ ಕಡಿತ ಮಾಡುವುದು ಹಣಕ್ಕಾಗಿ ಮಾತ್ರವಲ್ಲ, ಸುಳಿವಿಗಾಗಿ. ಅದನ್ನು ಸಡಿಲಿಸಿದರೆ ಬಡ್ಡಿಯ ಆದಾಯ ಬಚ್ಚಿಡುವವರಿಗೆ ಅನುಕೂಲವಾಗುತ್ತದೆ. ಹತ್ತು ವರ್ಷದ ಹಿಂದೆ ಈ ಮಾತಿಗೆ ತೂಕ ಇತ್ತು. ಈಗ ಬ್ಯಾಂಕು, ಅಂಚೆ ಕಚೇರಿಗಳು ಕಡಿತ ಮಾಡಲಿ ಬಿಡಲಿ, ಕೊಟ್ಟ ಬಡ್ಡಿಯ ವಿವರವನ್ನು ಇಲಾಖೆಗೆ ಒಪ್ಪಿಸುತ್ತವೆ. 2021ರ ನವೆಂಬರ್‌ನಿಂದ ಪ್ರತಿ ತೆರಿಗೆದಾರರ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಅದು ಕಾಣುತ್ತದೆ. 15ಎಚ್ ಕೊಟ್ಟವರ ವಿವರವೂ ಬ್ಯಾಂಕಿನಿಂದ ಇಲಾಖೆಗೆ ಹೋಗುತ್ತದೆ. ಹರಪನಹಳ್ಳಿಯ ಶಾಖೆಯೊಂದರಲ್ಲಿ ಯಾರಿಗೆ ಎಷ್ಟು ಬಡ್ಡಿ ಬಂತೆಂದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಕಡಿತ ಇಲ್ಲದೆಯೂ ಗೊತ್ತು. ಸುಳಿವು ಬೇರೆ ದಾರಿಯಿಂದ ಸಿಗುತ್ತಿರುವಾಗ ಸುಳಿವಿನ ಹೆಸರಿನಲ್ಲಿ ಹಣ ಹಿಡಿದಿಡುವುದಕ್ಕೆ ಸಮರ್ಥನೆ ಉಳಿದಿಲ್ಲ.

ಹಾಗೆಂದು ಸಿಕ್ಕ ಹಾಳೆಗೆಲ್ಲ ಸಹಿ ಹಾಕಿ ಎಂದಲ್ಲ. ಸುಳ್ಳು ಘೋಷಣೆಗೆ 1961ರ ಕಾಯ್ದೆ ಜೈಲು ಶಿಕ್ಷೆಯವರೆಗೂ ಹೋಗುತ್ತದೆ. ‘ಇಲ್ಲೊಂದು ಸಹಿ ಮಾಡಿ ಸಾಕು’ ಎನ್ನುವ ಕೌಂಟರಿನ ಔದಾರ್ಯವನ್ನೂ ಅನುಮಾನದಿಂದ ನೋಡಬೇಕು. ಘೋಷಣೆಯಲ್ಲಿ ಎಲ್ಲ ಬ್ಯಾಂಕಿನ ಬಡ್ಡಿ, ಪಿಂಚಣಿ, ಮನೆ ಬಾಡಿಗೆ ಸೇರಬೇಕು. ಹೊಲದ ಆದಾಯಕ್ಕೆ ತೆರಿಗೆ ಇಲ್ಲ. ಮೆಕ್ಕೆಜೋಳ, ಶೇಂಗಾ ಬೆಳೆದದ್ದಕ್ಕಾಗಲಿ ಹಡಗಲಿಯ ಮಲ್ಲಿಗೆ ಮಾರಿದ್ದಕ್ಕಾಗಲಿ ಹೆದರಬೇಕಿಲ್ಲ. ಬೇರೆ ಆದಾಯ 4 ಲಕ್ಷ ಮೀರಿದಾಗ ದರದ ಲೆಕ್ಕಕ್ಕೆ ಅದನ್ನು ಸೇರಿಸುತ್ತಾರಾದರೂ ಸಣ್ಣ ಪಿಂಚಣಿಯವರಿಗೆ ರಿಯಾಯಿತಿ ಅದನ್ನೂ ನುಂಗಿಹಾಕುತ್ತದೆ. ಆದರೆ ಹರಪನಹಳ್ಳಿ ಗುಡ್ಡಗಳ ಸುತ್ತ ಗಾಳಿಯಂತ್ರಕ್ಕೆ ಜಾಗ ಕೊಟ್ಟು ಪಡೆಯುವ ಬಾಡಿಗೆ ಕೃಷಿ ಆದಾಯವಲ್ಲ. ಹಾಗೆಯೇ ಆ ವರ್ಷ ನಿವೇಶನ ಮಾರಿದ್ದರೆ ಅದರ ದೀರ್ಘಾವಧಿ ಲಾಭಕ್ಕೆ ಹೊಸ ಪದ್ಧತಿಯಲ್ಲಿ 87ಎ ರಿಯಾಯಿತಿ ಸಿಗದು. ಈ ಐದೂ ಪಟ್ಟಣಗಳ ಜನಸಂಖ್ಯೆ ಹತ್ತು ಸಾವಿರ ಮೀರಿ ಲಕ್ಷದೊಳಗಿರುವುದರಿಂದ ಪಟ್ಟಣದ ಗಡಿಯಿಂದ ಎರಡು ಕಿಲೋಮೀಟರ್ ಒಳಗಿನ ಹೊಲ ಮಾರಿದರೂ ಇದೇ ನಿಯಮ. ಇಂಥ ವರ್ಷ 15ಎಚ್ ಕೊಡದಿರುವುದೇ ಕ್ಷೇಮ. ಕಟ್ಟೆಯ ಮೇಲೆ ಓಡಾಡುವ ಇನ್ನೊಂದು ಸಲಹೆ, ಠೇವಣಿಯನ್ನು ಹೆಂಡತಿಯ ಹೆಸರಿಗೆ ಮಾಡಿಬಿಡಿ ಎಂಬುದು. ಕಡಿತ ತಪ್ಪಬಹುದು, ಆದರೆ ಗಂಡ ಕೊಟ್ಟ ಹಣದ ಬಡ್ಡಿಯನ್ನು ಕಾನೂನು ಗಂಡನ ಆದಾಯಕ್ಕೇ ಸೇರಿಸುತ್ತದೆ. ಮಗನ ಹೆಸರಿಗೆ ಮಾಡಿದರೆ ಬಡ್ಡಿ ಅವನ ಲೆಕ್ಕಕ್ಕೆ ಹೋಗುತ್ತದೆ, ಜೊತೆಗೆ ಹಣವೂ ಹೋಗುತ್ತದೆ. ಇಲ್ಲದ ತೆರಿಗೆ ಉಳಿಸಲು ಇರುವ ಹಣ ಬಿಟ್ಟುಕೊಡುವುದು ಜಾಣತನವಲ್ಲ.

ಇದಕ್ಕಿಂತ ಅಪಾಯದ ದಾರಿಯೊಂದಿದೆ. ಪತ್ತಿನ ಸಹಕಾರ ಸಂಘಗಳು ಸದಸ್ಯರಿಗೆ ಕೊಡುವ ಬಡ್ಡಿಗೆ ಸಾಮಾನ್ಯವಾಗಿ ಮೂಲದಲ್ಲಿ ಕಡಿತ ಇಲ್ಲ, ದೊಡ್ಡ ವಹಿವಾಟಿನವನ್ನು ಬಿಟ್ಟು. ‘ನಮ್ಮಲ್ಲಿ ಟಿಡಿಎಸ್ ಇಲ್ಲ, ಬಡ್ಡಿಯೂ ಹೆಚ್ಚು’ ಎಂಬ ಮಾತು ಕಡಿತದಿಂದ ಬೇಸತ್ತವರ ಕಿವಿಗೆ ಹಿತವಾಗಿ ಕೇಳುತ್ತದೆ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಬ್ಯಾಂಕ್ ಲೈಸೆನ್ಸ್ ಇಲ್ಲದ ಪತ್ತಿನ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ಒಳ್ಳೆಯ ಸಂಘಗಳು ಖಂಡಿತ ಇವೆ. ಆದರೆ ಮುಪ್ಪಿನ ಗಂಟನ್ನು ಎಲ್ಲಿಡಬೇಕೆಂಬ ತೀರ್ಮಾನ ಸಂಘದ ಬಲವನ್ನು ನೋಡಿ ಆಗಬೇಕು, ಒಂದು ಹಾಳೆ ತುಂಬಿಸುವ ರಗಳೆ ತಪ್ಪಿಸಿಕೊಳ್ಳಲು ಆಗಬಾರದು. ಬ್ಯಾಂಕಿನ ಅಸಡ್ಡೆ ಜನರನ್ನು ಅತ್ತ ತಳ್ಳಿದರೆ ಅದಕ್ಕೆ ಬ್ಯಾಂಕೂ ಉತ್ತರ ಹೇಳಬೇಕಾಗುತ್ತದೆ.

ಬ್ಯಾಂಕಿನ ಹೊಣೆ ಎಂಬುದು ಬರೀ ನೈತಿಕ ಮಾತಲ್ಲ. 2017ರ ನವೆಂಬರ್ 9ರಂದು ರಿಸರ್ವ್ ಬ್ಯಾಂಕು ಹಿರಿಯ ನಾಗರಿಕರ ಮತ್ತು ಅಂಗವಿಕಲರ ಸೇವೆಯ ಬಗ್ಗೆ ಸುತ್ತೋಲೆ ಹೊರಡಿಸಿತು. ವರ್ಷಕ್ಕೊಮ್ಮೆ, ಸಾಧ್ಯವಾದರೆ ಏಪ್ರಿಲ್‌ನಲ್ಲೇ, 15ಜಿ ಮತ್ತು 15ಎಚ್ ನಮೂನೆಗಳನ್ನು ಅವರಿಗೆ ಒದಗಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. 70 ದಾಟಿದವರಿಗೆ ಮನೆಬಾಗಿಲ ಸೇವೆಯ ಮಾತೂ ಅದರಲ್ಲಿದೆ. ಅದಕ್ಕೂ ಮೊದಲು, 2013ರ ಮೇ ತಿಂಗಳಲ್ಲಿ, ಈ ನಮೂನೆ ಸ್ವೀಕರಿಸಿದ ಕೂಡಲೇ ಸ್ವೀಕೃತಿ ಕೊಡಬೇಕೆಂದು ಬ್ಯಾಂಕುಗಳಿಗೆ ತಿಳಿಸಲಾಗಿತ್ತು, ಕೊಟ್ಟ ಹಾಳೆ ಕಳೆದುಹೋಯಿತೆಂಬ ದೂರುಗಳು ಬರುತ್ತಿದ್ದವು ಎಂಬ ಕಾರಣಕ್ಕೆ. ಗ್ರಾಹಕರು ಬಳಸುವ ಮುದ್ರಿತ ಕಾಗದಗಳು ಇಂಗ್ಲಿಷ್, ಹಿಂದಿ ಮತ್ತು ಆಯಾ ರಾಜ್ಯದ ಭಾಷೆಯಲ್ಲಿ ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ಹಳೆಯ ಸೂಚನೆ. ಆದರೆ 15ಎಚ್ ಅಧಿಸೂಚನೆಯಾಗಿರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ‘ಅಂದಾಜು ಒಟ್ಟು ಆದಾಯ’, ‘ಈ ಘೋಷಣೆಗೆ ಸಂಬಂಧಿಸಿದ ಆದಾಯ’ ಎಂಬ ಎರಡು ಖಾನೆಗಳ ನಡುವಿನ ವ್ಯತ್ಯಾಸವನ್ನು ಬಿಡಿಸಿ ಹೇಳುವ ಕನ್ನಡ ವಿವರಣೆ ಜೊತೆಗಿಲ್ಲದಿದ್ದರೆ, ನಲವತ್ತು ವರ್ಷ ಕನ್ನಡ ಕಲಿಸಿದ ಮೇಷ್ಟ್ರೂ ಪಕ್ಕದವರ ಹಾಳೆ ನೋಡಿ ಬರೆಯಬೇಕಾಗುತ್ತದೆ. ಸ್ವೀಕೃತಿ ಕೊಡದ, ಹಾಳೆ ಕೊಟ್ಟರೂ ಕಡಿತ ಮಾಡುವ ಬ್ಯಾಂಕಿನ ಮೇಲೆ 14448ಕ್ಕೆ ಕರೆ ಮಾಡಿ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರುವ ವಿಧಾನ ತಿಳಿದುಕೊಳ್ಳಬಹುದು. ಎಲ್ಲದಕ್ಕೂ ದೂರಿನ ತನಕ ಹೋಗಬೇಕಾದದ್ದು ವ್ಯವಸ್ಥೆಗೆ ಶೋಭೆಯಲ್ಲ.

ಬ್ಯಾಂಕಿಗೆ ಗ್ರಾಹಕರ ಬೇರೆ ಆದಾಯ ಗೊತ್ತಿರುವುದಿಲ್ಲ, ಹಾಗಾಗಿ ತಾನಾಗಿಯೇ ಕಡಿತ ನಿಲ್ಲಿಸಲಾರದು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾನೂನೇ ಇದಕ್ಕೆ ಒಂದು ಉತ್ತರ ಹುಡುಕಿತ್ತು. 2021ರಿಂದ ಇರುವ 194ಪಿ ಸೆಕ್ಷನ್ನಿನಂತೆ 75 ದಾಟಿ, ಪಿಂಚಣಿಯೂ ಬಡ್ಡಿಯೂ ಒಂದೇ ಬ್ಯಾಂಕಿನಲ್ಲಿ ಬರುವವರು ಘೋಷಣೆ ಕೊಟ್ಟರೆ, ಬ್ಯಾಂಕೇ ಅವರ ತೆರಿಗೆಯ ಲೆಕ್ಕ ಹಾಕಿ ಮುಗಿಸುತ್ತದೆ, ರಿಟರ್ನ್ ಸಲ್ಲಿಸುವ ಅಗತ್ಯವೂ ಇಲ್ಲ. ಯೋಚನೆ ಸರಿಯಾಗಿದೆ, ಅಳತೆ ಮಾತ್ರ ಸಣ್ಣದು. ಪಿಂಚಣಿ ಸ್ಟೇಟ್ ಬ್ಯಾಂಕಿನಲ್ಲಿ, ಠೇವಣಿ ಗ್ರಾಮೀಣ ಬ್ಯಾಂಕಿನಲ್ಲಿ, ಹಿರಿಯರ ಯೋಜನೆ ಅಂಚೆ ಕಚೇರಿಯಲ್ಲಿ ಇಟ್ಟವರಿಗೆ ಅದು ಒದಗುವುದಿಲ್ಲ. ವಯಸ್ಸನ್ನು 75ರಿಂದ 60ಕ್ಕೆ ಇಳಿಸಿ, ಬೇರೆ ಬ್ಯಾಂಕಿನ ಬಡ್ಡಿಯನ್ನು ಘೋಷಣೆಯಲ್ಲೇ ಹೇಳಲು ಅವಕಾಶ ಕೊಟ್ಟು, ಒಮ್ಮೆ ಕೊಟ್ಟ ಘೋಷಣೆ ಹಿಂತೆಗೆದುಕೊಳ್ಳುವ ತನಕ ನಡೆಯುವಂತೆ ಮಾಡಿದರೆ ಪ್ರತಿ ಏಪ್ರಿಲ್‌ನ ಓಡಾಟವೇ ಬೇಕಿಲ್ಲ. ಪ್ರತಿ ನವೆಂಬರ್‌ನಲ್ಲಿ ಜೀವಿತ ಪ್ರಮಾಣ ಪತ್ರ ಕೊಡಲು ಪಿಂಚಣಿದಾರರು ಹೇಗೂ ಬರುತ್ತಾರೆ. ಬರಲಾಗದವರ ಮನೆಗೆ ಅಂಚೆಯಣ್ಣನೇ ಹೋಗಿ 70 ರೂಪಾಯಿ ಪಡೆದು ಮೊಬೈಲಿನಲ್ಲಿ ಅದನ್ನು ಮಾಡಿಕೊಡುತ್ತಾನೆ. ಮನುಷ್ಯ ಬದುಕಿದ್ದಾನೆಂದು ಸಾಬೀತು ಮಾಡಲು ಇಷ್ಟು ಅಚ್ಚುಕಟ್ಟಾದ ಏರ್ಪಾಡು ಇರುವಾಗ, ಅವನಿಗೆ ತೆರಿಗೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಅದೇ ಭೇಟಿಯಲ್ಲಿ ಇನ್ನೆರಡು ಪ್ರಶ್ನೆ ಸೇರಿಸುವುದು ಕಷ್ಟವಾಗಬಾರದು.

ಕಾನೂನು ಬದಲಾಗುವವರೆಗೆ ಈ ಐದು ತಾಲ್ಲೂಕುಗಳಲ್ಲಿ ಮಾಡಬಹುದಾದದ್ದು ಬಹಳ ಇದೆ. ಸಿಬ್ಬಂದಿ ಕಡಿಮೆ, ಹೊರರಾಜ್ಯದಿಂದ ಬಂದವರಿಗೆ ಕನ್ನಡ ಬಾರದು ಎಂಬ ಶಾಖೆಗಳ ಅಳಲು ಸುಳ್ಳಲ್ಲ. ಅದಕ್ಕೇ ತಾಲ್ಲೂಕು ಮಟ್ಟದ ನಿವೃತ್ತ ನೌಕರರ ಸಂಘಗಳು ಏಪ್ರಿಲ್ ಮೊದಲ ವಾರ ಕೂತು ಸದಸ್ಯರ ಹಾಳೆ ತುಂಬಿಸಿಕೊಟ್ಟರೆ, ಗ್ರಾಮ ಒನ್ ಕೇಂದ್ರಗಳಲ್ಲಿ ಕನ್ನಡ ವಿವರಣೆಯ ಒಂದು ಪ್ರತಿ ಇಟ್ಟರೆ ಶಾಖೆಗಳ ಹೊರೆ ಅರ್ಧ ಇಳಿಯುತ್ತದೆ. ಆದರೆ ಹೊಣೆ ಅಳೆಯಬೇಕಾದದ್ದು ಜಿಲ್ಲಾ ಕೇಂದ್ರ ಹೊಸಪೇಟೆಯಲ್ಲಿ. ಜಿಲ್ಲಾಡಳಿತ ಮತ್ತು ಅಗ್ರಣಿ ಬ್ಯಾಂಕು ನಡೆಸುವ ಬ್ಯಾಂಕರ್‌ಗಳ ತ್ರೈಮಾಸಿಕ ಸಭೆಯಲ್ಲಿ ಸಾಲದ ಗುರಿ, ವಿಮೆಯ ಗುರಿಗಳ ಪಟ್ಟಿ ಬರುತ್ತದೆ. ಅದಕ್ಕೆ ಶಾಖೆವಾರು ಎರಡು ಕಲಂ ಸೇರಿಸಲಿ: 60 ದಾಟಿದ ಎಷ್ಟು ಗ್ರಾಹಕರ ಬಡ್ಡಿಯಲ್ಲಿ ಕಡಿತವಾಯಿತು, ಅವರಲ್ಲಿ ಎಷ್ಟು ಮಂದಿಗೆ ಏಪ್ರಿಲ್‌ನಲ್ಲಿ 15ಎಚ್ ತಲುಪಿಸಲಾಗಿತ್ತು. ಮೊದಲ ಅಂಕಿ ಬ್ಯಾಂಕಿನ ಕಂಪ್ಯೂಟರಿನಲ್ಲಿ ಈಗಲೇ ಸಿಗುವಂಥದು. ಮೊದಲ ಕಲಂ ದೊಡ್ಡದಾಗಿ ಎರಡನೆಯದು ಖಾಲಿಯಿರುವ ಶಾಖೆಯ ವ್ಯವಸ್ಥಾಪಕರು ಜಿಲ್ಲಾಧಿಕಾರಿಗಳ ಮುಂದೆ ಅದಕ್ಕೆ ಕಾರಣ ಹೇಳಲಿ.